ನಮ್ಮ ಕಾಲೇಜಿಗೆ ಒಬ್ಬ ಆಪ್ತಸಮಾಲೋಚಕರನ್ನು ಕೊಡಿ: ಶಿಕ್ಷಣ ಸಚಿವರಿಗೆ ಒಬ್ಬ ತಾಯಿಯ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು. ನಾನು ಒಂದು ತಾಲೂಕು ಕೇಂದ್ರದಲ್ಲಿ ಬಟ್ಟೆ ಹೊಲಿದು ಜೀವನ ಮಾಡುವವಳು. ಮಗಳು ಇಲ್ಲಿನ ಸರ್ಕಾರಿ ಪಿಯು ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಪ್ರಾಂಶುಪಾಲರಿಗೆ ಎರಡು ಸಲ, ಜಿಲ್ಲೆಯ ಉಪನಿರ್ದೇಶಕರಿಗೆ ಒಂದು ಸಲ ಅರ್ಜಿ ಕೊಟ್ಟೆ. ಸೀಲು ಒತ್ತಿ ತೆಗೆದುಕೊಂಡರು. ಉತ್ತರ ಬರಲಿಲ್ಲ. ತಿಂಗಳುಗಟ್ಟಲೆ ಕಾದು ಸಾಕಾಗಿ ನಿಮಗೆ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ನಮ್ಮ ಕಾಲೇಜಿಗೆ ಮಕ್ಕಳ ಮನಸ್ಸಿನ ಕಷ್ಟ ಕೇಳಿ ದಾರಿ ತೋರಿಸುವ, ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರನ್ನು ಕೊಡಿ.

ಕಳೆದ ವರ್ಷ ಮಧ್ಯವಾರ್ಷಿಕ ಪರೀಕ್ಷೆಯ ಅಂಕಗಳನ್ನು ನೋಟಿಸ್ ಬೋರ್ಡಿಗೆ ಹಾಕಿದರು. ಫೇಲಾದವರ ಹೆಸರು ಕೆಂಪು ಶಾಯಿಯಲ್ಲಿ. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಉಪನ್ಯಾಸಕರು ಆ ಹನ್ನೊಂದು ಮಕ್ಕಳನ್ನು ಮುಂದೆ ನಿಲ್ಲಿಸಿ, "ಇವರಿಂದಲೇ ಕಾಲೇಜಿನ ರಿಸಲ್ಟ್ ಹಾಳಾಗೋದು, ನೋಡ್ಕೊಳ್ಳಿ" ಎಂದರು. ನನ್ನ ಮಗಳು ಅವರಲ್ಲಿ ಒಬ್ಬಳು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದ ಹುಡುಗಿ.

ಮನೆಯಲ್ಲಿ ಅವಳು ಏನೂ ಹೇಳಲಿಲ್ಲ. ನನಗೆ ಗೊತ್ತಾಗಿದ್ದು ಟೇಪಿನಿಂದ. ಜೂನ್‌ನಲ್ಲಿ ನಾನೇ ಹೊಲಿದ ಯೂನಿಫಾರ್ಮ್ ಡಿಸೆಂಬರ್‌ಗೆ ಜೋಲುತ್ತಿತ್ತು. ಹಿಡಿಸೋಣ ಅಂತ ಸೊಂಟದ ಅಳತೆ ತೆಗೆದರೆ ಎರಡೂವರೆ ಇಂಚು ಕಡಿಮೆ. ಟೇಪು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ದಿನಾ ಡಬ್ಬಿ ಖಾಲಿಯಾಗಿ ಬರುತ್ತಿತ್ತಲ್ಲ ಅಂತ ಕೇಳಿದೆ. ಊಟ ನಾಯಿಗೆ ಹಾಕುತ್ತಿದ್ದೆ ಎಂದಳು.

ರಾತ್ರಿ ಎರಡು ಗಂಟೆಯಾದರೂ ನಿದ್ದೆ ಇಲ್ಲ. ಬೆಳಿಗ್ಗೆ ಏಳೂವರೆಗೆ ಸ್ಪೆಷಲ್ ಕ್ಲಾಸ್. ಏಳದಿದ್ದರೆ ನಾನೇ ಬೈಯುತ್ತಿದ್ದೆ, ಒಂದು ದಿನ ಮುಖಕ್ಕೆ ನೀರೂ ಎರಚಿದೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಅತ್ತೆ ದೃಷ್ಟಿ ತೆಗೆಸಿದರು, ತಾಯತ ಕಟ್ಟಿಸಿದರು. ನಮಗೆ ತಿಳಿದಿದ್ದು ಅಷ್ಟೇ ಸ್ವಾಮಿ. ತಿಳಿದವರೊಬ್ಬರು ಕಾಲೇಜಿನಲ್ಲಿ ಇರಬೇಕಿತ್ತು.

ಕಾಲೇಜಿನ ದಾಖಲೆಯಲ್ಲಿ ಇದ್ದಾರೆ. 'ಆಪ್ತಸಮಾಲೋಚಕರು' ಎಂಬ ಹೆಸರಿನ ಮುಂದೆ ಒಬ್ಬ ಉಪನ್ಯಾಸಕರ ಸಹಿ ಇದೆ. ಆ ಮಕ್ಕಳನ್ನು ಪ್ರಾರ್ಥನೆಯಲ್ಲಿ ನಿಲ್ಲಿಸಿದವರೂ ಅವರೇ! ಆದರೂ ಮಗಳು ಧೈರ್ಯ ಮಾಡಿ ಹೋಗಿ, ಮನೆಯಲ್ಲಿ ಅಪ್ಪ ಕುಡಿದು ಗಲಾಟೆ ಮಾಡುವುದನ್ನು ಹೇಳಿಕೊಂಡಳು. ಮರುದಿನ ತುಂಬಿದ ಕ್ಲಾಸಿನಲ್ಲಿ ಅವರು, "ಕೆಲವರಿಗೆ ಅಪ್ಪ ಕುಡೀತಾನೆ ಅನ್ನೋದೇ ಒಂದು ನೆಪ" ಎಂದರು. ಹೆಸರು ಹೇಳಲಿಲ್ಲ. ಅವಳ ಮುಖ ನೋಡಿದವರಿಗೆ ಹೆಸರು ಬೇಕಿರಲಿಲ್ಲ. ಆಮೇಲೆ ಹತ್ತೊಂಬತ್ತು ದಿನ ಅವಳು ಕಾಲೇಜಿನ ಕಡೆ ತಲೆ ಹಾಕಲಿಲ್ಲ. ಮನೆಗೆ ಬಂದಿದ್ದು ಹಾಜರಾತಿ ಕಮ್ಮಿ ಎನ್ನುವ ನೋಟಿಸ್ ಮಾತ್ರ.

ಒಂದು ರಾತ್ರಿ ಮಿಷನ್ ಪಕ್ಕ ಬಂದು ಕೂತು, "ಅಮ್ಮಾ, ನಾನಿಲ್ಲದಿದ್ರೆ ನಿಂಗೆ ಸಾಲ ತೀರಿಸೋಕೆ ಸುಲಭ ಆಗುತ್ತೆ ಅಲ್ವಾ?" ಎಂದಳು. ನನಗೆ ಕೈಕಾಲೇ ಆಡಲಿಲ್ಲ. ಪಕ್ಕದ ಬೀದಿಯ ಆಶಾ ಕಾರ್ಯಕರ್ತೆಯ ಮನೆಗೆ ಓಡಿದೆ. ಅವರು 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಹಚ್ಚಿಕೊಟ್ಟರು. ಆ ಹೊತ್ತಿನಲ್ಲೂ ಒಬ್ಬ ಹೆಣ್ಣುಮಗಳು ಕನ್ನಡದಲ್ಲಿ ಸಮಾಧಾನವಾಗಿ ಮಾತಾಡಿದರು. ಅವಳನ್ನು ಒಂಟಿಯಾಗಿ ಬಿಡಬೇಡಿ, ಡಾಕ್ಟರಿಗೆ ತೋರಿಸಿ ಎಂದರು. ಅವರ ಋಣ ನನ್ನ ಮೇಲಿದೆ. ಆ ನಂಬರು ನಮ್ಮ ಕಾಲೇಜಿನ ಯಾವ ಗೋಡೆಯ ಮೇಲೂ ಇಲ್ಲ.

ತಾಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದು 'ಸ್ನೇಹ ಕ್ಲಿನಿಕ್' ಬೋರ್ಡಿದೆ. ಬಾಗಿಲಿಗೆ ಬೀಗ. ಸರ್ಕಾರದ ಮಾನಸಿಕ ಆರೋಗ್ಯ ಕಾರ್ಯಕ್ರಮ 'ಮನೋಚೈತನ್ಯ'ದ ಡಾಕ್ಟರು ಮಂಗಳವಾರ ಬರುತ್ತಾರೆ ಎಂದರು. ಎರಡು ಮಂಗಳವಾರ ಕಾದೆವು, ಬರಲಿಲ್ಲ. ಕೊನೆಗೆ ಬಸ್ಸು ಹತ್ತಿ ಜಿಲ್ಲಾಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ಇದು ಖಿನ್ನತೆ, ಸೋಮಾರಿತನ ಅಲ್ಲ ಎಂದರು. ಈ ವಯಸ್ಸಿನಲ್ಲಿ ನಿದ್ದೆ ಬರುವ ಹೊತ್ತೇ ತಡವಾಗುತ್ತದಂತೆ, ಆದರೂ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕಂತೆ. ಇದನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ನಾನು ಆ ನೀರು ಎರಚುತ್ತಿರಲಿಲ್ಲ.

ನಿಯಮ ನಿಮಗೆ ಗೊತ್ತೇ ಇದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಹೇಳಿದೆ: 100 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ವಿದ್ಯಾಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು. ಮಕ್ಕಳನ್ನು ಎಲ್ಲರೆದುರು ಅವಮಾನ ಮಾಡಬಾರದು. ಸಹಾಯವಾಣಿಯ ನಂಬರು ಕಣ್ಣಿಗೆ ಕಾಣುವ ಹಾಗೆ ಹಾಕಬೇಕು. ಕಾನೂನು ಬರುವ ತನಕ ಇದೇ ಪಾಲಿಸಬೇಕಾದ ನಿಯಮ ಅಂತಲೂ ಹೇಳಿದೆ. ನಮ್ಮ ಕಾಲೇಜಿನಲ್ಲಿ 340 ಮಕ್ಕಳಿದ್ದಾರೆ. ಇದರಲ್ಲಿ ಒಂದೂ ಆಗಿಲ್ಲ. ಯಾಕೆ ಆಗಿಲ್ಲ ಅಂತ ನೀವು ಕೇಳಬೇಕಲ್ಲವೇ? ಫಲಿತಾಂಶ ಇಳಿದರೆ ಅದೇ ವಾರ ಕಾಲೇಜಿಗೆ ನೋಟಿಸ್ ಬರುತ್ತದೆ. ಮಕ್ಕಳು ಕುಗ್ಗಿದರೆ ಯಾರಿಗೂ ನೋಟಿಸ್ ಇಲ್ಲ.

10ರಿಂದ 19 ವರ್ಷದ ಏಳು ಮಕ್ಕಳಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಪ್ಪತ್ತು ಮಕ್ಕಳ ಕ್ಲಾಸಿನಲ್ಲಿ ಹತ್ತು. ಆವತ್ತು ಪ್ರಾರ್ಥನೆಯಲ್ಲಿ ನಿಂತ ಉಳಿದ ಹತ್ತು ಮಕ್ಕಳು ಹೇಗಿದ್ದಾರೋ ನನಗೆ ಗೊತ್ತಿಲ್ಲ. ಒಬ್ಬ ಹುಡುಗ ಕಾಲೇಜು ಬಿಟ್ಟು ಗ್ಯಾರೇಜಿಗೆ ಹೋಗುತ್ತಿದ್ದಾನೆ.

ಇನ್ನೊಬ್ಬ ಉಪನ್ಯಾಸಕರಿಗೆ ಒಂದು ದಿನದ ತರಬೇತಿ ಕೊಟ್ಟು ಅದೇ ದಾಖಲೆಗೆ ಸಹಿ ಹಾಕಿಸಬೇಡಿ. ಪಾಠ ಮಾಡುವವರು ಪಾಠ ಮಾಡಲಿ. ಮಾರ್ಕ್ಸ್ ಕೊಡುವವರ ಹತ್ತಿರ ಮಕ್ಕಳು ಮನಸ್ಸು ಬಿಚ್ಚುವುದಿಲ್ಲ. ಇದಕ್ಕಾಗಿಯೇ ಓದಿದವರನ್ನು ಕಳಿಸಿ. ವಾರವಿಡೀ ಸಾಧ್ಯವಿಲ್ಲದಿದ್ದರೆ ಸದ್ಯಕ್ಕೆ ವಾರಕ್ಕೆ ಎರಡು ದಿನವಾದರೂ ಬರಲಿ. ಬಾಗಿಲು ಮುಚ್ಚಿಕೊಂಡು ಮಾತಾಡುವಂಥ ಒಂದು ಕೋಣೆ ಕೊಡಿ.

ನನ್ನ ಮಗಳು ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ತಿಂಗಳಿಗೊಮ್ಮೆ ಜಿಲ್ಲಾಸ್ಪತ್ರೆಗೆ ಹೋಗಿ ಬರುತ್ತೇವೆ. ಮತ್ತೆ ಕಾಲೇಜಿಗೂ ಹೋಗುತ್ತಿದ್ದಾಳೆ. ನೋಟಿಸ್ ಬೋರ್ಡ್ ಇರುವ ಮುಂದಿನ ಬಾಗಿಲಿಂದ ಅಲ್ಲ, ಸೈಕಲ್ ಸ್ಟ್ಯಾಂಡ್ ಕಡೆಯಿಂದ. ಮುಂದಿನ ತಿಂಗಳು ಮತ್ತೆ ಮಧ್ಯವಾರ್ಷಿಕ ಪರೀಕ್ಷೆ ಇದೆ. ಆ ಅಂಕಗಳು ಬರುವ ಮೊದಲು ನಮ್ಮ ಕಾಲೇಜಿಗೆ ಒಬ್ಬ ಆಪ್ತಸಮಾಲೋಚಕರನ್ನು ಕೊಡಿ.

ಇಂತಿ,
ಪಿಯುಸಿ ಓದುತ್ತಿರುವ ಹುಡುಗಿಯ ತಾಯಿ