ಹಾರುವ ದೋಣಿಯ ಹೊಟ್ಟೆಯೊಳಗೆ

ಪ್ರೀತಿಯ ಅಪ್ಪ, ಅಮ್ಮ,

ಫೋನಿನಲ್ಲಿ ಹೇಳಲು ಹೋದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ಉತ್ತರ ಲಂಡನ್ನಿನ ಹೆಂಡನ್‌ನಲ್ಲಿರುವ ಆರ್‌ಎಎಫ್ (ಬ್ರಿಟನ್ನಿನ ವಾಯುಪಡೆ) ಮ್ಯೂಸಿಯಂಗೆ ಹೋಗಿದ್ದೆ. ಇಡೀ ದಿನ ಅಲ್ಲೇ ಇದ್ದೆ, ಆದರೆ ನೋಡಿದ್ದು ಹೆಚ್ಚುಕಡಿಮೆ ಒಂದೇ ವಿಮಾನ. ಹೆಸರು ಶಾರ್ಟ್ ಸಂಡರ್‌ಲ್ಯಾಂಡ್. ಎರಡನೇ ಮಹಾಯುದ್ಧದಲ್ಲಿ ಸಮುದ್ರದ ಮೇಲೆ ಹಾರಾಡುತ್ತಾ ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ಫ್ಲೈಯಿಂಗ್ ಬೋಟ್ ಅದು. ಅಪ್ಪ, ಹೋದ ಸಲ ನೀವು ಕೇಳಿದ್ರಲ್ಲ, ಹಾರದೇ ಇರುವ ಹಳೇ ಯುದ್ಧವಿಮಾನಗಳನ್ನು ಅಷ್ಟು ಕಷ್ಟಪಟ್ಟು ಯಾಕೆ ಇಟ್ಟುಕೊಳ್ಳುತ್ತಾರೆ ಅಂತ? ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲು ಇದು ಏನು ಅಂತ ಹೇಳುತ್ತೇನೆ. ವಿಮಾನಕ್ಕೆ ಚಕ್ರದ ಬದಲು ತೇಲುಗಳನ್ನು ಕಟ್ಟಿದರೆ ಅದು ಬೇರೆ ಜಾತಿ. ಇದರಲ್ಲಿ ವಿಮಾನದ ಮೈಯೇ ದೋಣಿ. ಹೊಟ್ಟೆಯಲ್ಲೇ ನೀರಿನ ಮೇಲೆ ಕೂರುತ್ತದೆ. ರೆಕ್ಕೆಯ ತುದಿಯಿಂದ ತುದಿಗೆ 34 ಮೀಟರ್‌ಗಿಂತ ಜಾಸ್ತಿ, ಉದ್ದ 26 ಮೀಟರ್, ನಾಲ್ಕು ಎಂಜಿನ್. ಪಕ್ಕದಲ್ಲಿ ನಿಂತರೆ ವಿಮಾನ ಅನ್ನಿಸುವುದೇ ಇಲ್ಲ, ದಡಕ್ಕೆ ಎಳೆದಿಟ್ಟ ಹಡಗು ಅನ್ನಿಸುತ್ತದೆ.

ನಾನು ಬಗ್ಗಿ ಅದರ ತಳವನ್ನೇ ತುಂಬಾ ಹೊತ್ತು ನೋಡಿದೆ. ಮೂಗಿನಿಂದ ದೋಣಿಯ ಹಾಗೆ ಚೂಪಾಗಿ ಬರುವ ತಳ ಮಧ್ಯದಲ್ಲಿ ಸಣ್ಣದೊಂದು ಮೆಟ್ಟಿಲಿನ ಹಾಗೆ ಮೇಲಕ್ಕೆ ಸರಿಯುತ್ತದೆ. ಸುಮ್ನೆ ಅಲಂಕಾರಕ್ಕಲ್ಲ. ನೀರು ತಳಕ್ಕೆ ಅಂಟಿಕೊಂಡರೆ ಎಷ್ಟು ಎಂಜಿನ್ ಇದ್ದರೂ ಮೇಲೇಳಲು ಆಗುವುದಿಲ್ಲ. ವೇಗ ಹೆಚ್ಚಿದ ಹಾಗೆ ಈ ಮೆಟ್ಟಿಲಿನ ಹಿಂದೆ ಗಾಳಿ ನುಗ್ಗಿ ನೀರಿನ ಹಿಡಿತ ಬಿಡಿಸುತ್ತದೆ. ಅದರ ಮೇಲೆ ತಗಡುಗಳನ್ನು ಜೋಡಿಸುವ ರಿವೆಟ್ ಮೊಳೆಗಳ ಸಾಲುಸಾಲು. ಒಂದೊಂದೂ ನೀರು ಒಳಗೆ ಬರದ ಹಾಗೆ ಕೂರಬೇಕಿತ್ತು, ಯಾರೋ ಕೈಯಾರೆ ಹೊಡೆದದ್ದು.

ಇದರ ಒಳಗೆ ಹೋಗಲು ಬಿಡುತ್ತಾರೆ! ತಲೆ ತಗ್ಗಿಸಿ ಒಳಗೆ ಕಾಲಿಟ್ಟೆ. ಅಮ್ಮ, ನಿಮಗೆ ಇಷ್ಟವಾಗುತ್ತಿತ್ತು, ಯಾಕೆಂದರೆ ಅದೊಂದು ಮನೆ. ಸಂಡರ್‌ಲ್ಯಾಂಡ್‌ಗೆ ಎರಡು ಅಂತಸ್ತು. ಕೆಳಗೆ ಮಲಗಲು ಆರು ಬಂಕ್, ಎರಡು ಸೀಮೆಎಣ್ಣೆ ಒಲೆಗಳ ಅಡುಗೆಮನೆ, ಪಿಂಗಾಣಿಯ ಟಾಯ್ಲೆಟ್, ಲಂಗರು ಎತ್ತುವ ಯಂತ್ರ, ಹಾರುತ್ತಿರುವಾಗಲೇ ರಿಪೇರಿ ಮಾಡಲು ಒಂದು ಪುಟ್ಟ ವರ್ಕ್‌ಶಾಪ್ ಕೂಡ. ಹನ್ನೆರಡು, ಹದಿಮೂರು ಗಂಟೆ ಒಂದೇ ಸಮನೆ ಸಮುದ್ರದ ಮೇಲೆ ಇರುತ್ತಿದ್ದರು. ಇಪ್ಪತ್ತು, ಇಪ್ಪತ್ತೆರಡು ವರ್ಷದ ಹುಡುಗರು. ಆ ಕಿರಿದಾದ ಜಾಗದಲ್ಲಿ ನಿಂತಾಗ ಗಂಟಲು ಕಟ್ಟಿತು. ಗಾಜಿನ ಆಚೆ ನಿಂತು ನೋಡಿದ್ದರೆ ಹೀಗೆ ಆಗುತ್ತಿರಲಿಲ್ಲ.

1943ರ ಮೇ ತಿಂಗಳಲ್ಲಿ ಇಂಥದೇ ಒಂದು ಸಂಡರ್‌ಲ್ಯಾಂಡ್ ಸಮುದ್ರದ ಮಧ್ಯೆ ಇಳಿದು ನೀರಿನಲ್ಲಿ ಸಿಕ್ಕಿಕೊಂಡಿದ್ದವರನ್ನು ಎತ್ತಿಕೊಂಡಿತು. ಮತ್ತೆ ಮೇಲೇಳುವಾಗ ಅಲೆಗೆ ಬಡಿದು ತಳ ಹರಿದುಹೋಯಿತು. ನೀರಿಗೆ ಇಳಿದರೆ ಮುಳುಗುವುದು ಖಂಡಿತ. ಪೈಲಟ್ ಅದನ್ನು ವೇಲ್ಸ್‌ನ ಆಂಗಲ್ ಎಂಬಲ್ಲಿ ವಿಮಾನ ನಿಲ್ದಾಣದ ಹುಲ್ಲಿನ ಮೇಲೆ ಇಳಿಸಿಬಿಟ್ಟ. ಚಕ್ರವೇ ಇಲ್ಲದ ದೋಣಿ, ನೆಲದ ಮೇಲೆ! ಅದರಲ್ಲಿದ್ದ ಎಲ್ಲರೂ ಬದುಕಿದರು.

ಇನ್ನು ನಿಮ್ಮ ಪ್ರಶ್ನೆ. ಸಂಡರ್‌ಲ್ಯಾಂಡ್‌ಗಳನ್ನು ಕಟ್ಟಿದ್ದು 700ಕ್ಕೂ ಹೆಚ್ಚು. ಈಗ ಉಳಿದಿರುವುದು ಬೆರಳೆಣಿಕೆಯಷ್ಟು. ಬೇರೆಯವೆಲ್ಲ ಹಾಳಾದವು, ಗುಜರಿಗೆ ಹೋದವು, ಮುಳುಗಿದವು. ಉಳಿದವುಗಳ ಕಥೆ ಒಂದೊಂದಾಗಿ ಓದುತ್ತಾ ಹೋದಾಗ ನನಗೆ ಒಂದು ವಿಷಯ ಕಂಡಿತು. ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಮಾತ್ರ ಉಳಿದಿದೆ. ನಾನು ನೋಡಿದ ಹೆಂಡನ್‌ನ ವಿಮಾನವನ್ನು (ಅದರ ನಂಬರು ಎಂಎಲ್824) ಫ್ರೆಂಚ್ ನೌಕಾಪಡೆ ಬಹಳ ವರ್ಷ ಬಳಸಿತು, 1961ರಲ್ಲಿ ಹಾರಿಸಿಕೊಂಡು ಬಂದು ವೇಲ್ಸ್‌ನ ಪೆಂಬ್ರೋಕ್ ಡಾಕ್‌ನಲ್ಲಿ ಒಪ್ಪಿಸಿತು. ಹತ್ತು ವರ್ಷ ಅಲ್ಲಿತ್ತು, 1971ರಲ್ಲಿ ಇಲ್ಲಿಗೆ ತಂದರು. ಇಂಗ್ಲೆಂಡಿನ ಡಕ್ಸ್‌ಫರ್ಡ್ ಮ್ಯೂಸಿಯಂನಲ್ಲಿರುವ ಇನ್ನೊಂದು ಸಂಡರ್‌ಲ್ಯಾಂಡ್, ಎಂಎಲ್796, ಫ್ರಾನ್ಸಿನ ಲಾ ಬೋಲ್‌ನಲ್ಲಿ ಬಾರ್ ಆಗಿತ್ತು. ಇದೇ ಆರ್‌ಎಎಫ್ ಮ್ಯೂಸಿಯಂನವರ ಬಳಿ ಸೌತಾಂಪ್ಟನ್ ಅನ್ನುವ ಇನ್ನೂ ಹಳೆಯ ಫ್ಲೈಯಿಂಗ್ ಬೋಟ್‌ನ ಮರದ ಒಡಲು ಇದೆ, 1920ರ ದಶಕದ್ದು. ಅದು ಫೆಲಿಕ್ಸ್‌ಸ್ಟೋದಲ್ಲಿ ಯಾರದೋ ವಾಸದ ಮನೆಯಾಗಿತ್ತು! ಅದರಲ್ಲಿ ಜನ ಇದ್ದುದರಿಂದಲೇ ಅದು ಉಳಿಯಿತು ಅಂತ ನನಗೆ ಅನ್ನಿಸುತ್ತದೆ. ಕೆನಡಾದಲ್ಲಿ ಅಮೆರಿಕದ ನೌಕಾಪಡೆಯ ಹಳೇ ಮಾರ್ಟಿನ್ ಮಾರ್ಸ್ ಫ್ಲೈಯಿಂಗ್ ಬೋಟ್‌ಗಳನ್ನು ಕಾಡಿನ ಬೆಂಕಿಗೆ ನೀರು ಸುರಿಯಲು ದಶಕಗಟ್ಟಲೆ ಬಳಸಿದರು. ಅದರಲ್ಲಿ ಒಂದು, ಹವಾಯಿ ಮಾರ್ಸ್, 2024ರ ಆಗಸ್ಟ್‌ನಲ್ಲಿ ತಾನೇ ಹಾರಿ ಮ್ಯೂಸಿಯಂ ಸೇರಲು ಹೊರಟಿತು.

ಆದರೆ ಮ್ಯೂಸಿಯಂಗೆ ಬಂದ ಮಾತ್ರಕ್ಕೆ ಕಷ್ಟ ಮುಗಿಯುವುದಿಲ್ಲ. ಇವು ಬದುಕಿದ್ದೆಲ್ಲ ಉಪ್ಪುನೀರಿನಲ್ಲಿ. ತಗಡುಗಳ ಸಂದಿಯಲ್ಲಿ ಉಪ್ಪು ಕೂತಿರುತ್ತದೆ, ಬಣ್ಣದ ಕೆಳಗೆ ಎಳೆಎಳೆಯಾಗಿ ತಿನ್ನುತ್ತಾ ಹೋಗುತ್ತದೆ, ಹೊರಗೆ ಕಾಣುವುದೇ ಇಲ್ಲ. ಉಕ್ಕಿನ ಬೋಲ್ಟ್ ಅಲ್ಯೂಮಿನಿಯಂಗೆ ತಾಗುವ ಕಡೆ ಸ್ವಲ್ಪ ತೇವ ಸಿಕ್ಕರೂ ಸಾಕು, ಬ್ಯಾಟರಿಯ ಹಾಗೆ ಕೆಲಸ ಶುರುವಾಗಿ ಅಲ್ಯೂಮಿನಿಯಂ ಪುಡಿಯಾಗುತ್ತದೆ. ಮರದ್ದಾದರೆ ಕಥೆ ಉಲ್ಟಾ. ಸೌತಾಂಪ್ಟನ್‌ನ ಮರದ ಒಡಲು ಬಳಕೆಯಲ್ಲಿದ್ದಾಗ ಸುಮಾರು 180 ಕಿಲೋ ನೀರು ಹೀರಿಕೊಳ್ಳುತ್ತಿತ್ತಂತೆ. ಅಂಥ ಮರವನ್ನು ಬೇಗ ಒಣಗಿಸಿದರೆ ಹಲಗೆ ಕುಗ್ಗಿ ಸಂದು ಬಾಯಿಬಿಡುತ್ತದೆ.

ಭಾರದ ಸಮಸ್ಯೆ ಬೇರೆ ಇದೆ. ನೀರು ದೋಣಿಯ ತಳವನ್ನೆಲ್ಲ ಸಮವಾಗಿ ಹೊತ್ತುಕೊಳ್ಳುತ್ತದೆ, ಅಲ್ವಾ? ನೆಲದ ಮೇಲೆ ಅಷ್ಟೂ ಭಾರ ಎರಡು ಮೂರು ಕಡೆ ಬೀಳುತ್ತದೆ. ದಡಕ್ಕೆ ಎಳೆಯಲು ಮಾತ್ರ ಕಟ್ಟುತ್ತಿದ್ದ ಚಕ್ರಗಳ ಮೇಲೆ ಅದು ವರ್ಷಗಟ್ಟಲೆ ನಿಂತಿರಬೇಕು. ಆ ಜಾಗದಲ್ಲಿ ಲೋಹ ಬಾಗಿದೆಯಾ, ಬಿರುಕು ಬಿಟ್ಟಿದೆಯಾ ಅಂತ ನೋಡುತ್ತಲೇ ಇರಬೇಕು.

ಎಲ್ಲಕ್ಕಿಂತ ಮುಖ್ಯ, ಸೂರು ಬೇಕು. ಜಪಾನಿನ ಕವಾನಿಶಿ ಎಮಿಲಿ ಅನ್ನುವ ಫ್ಲೈಯಿಂಗ್ ಬೋಟ್ 167 ಕಟ್ಟಿದ್ದರಲ್ಲಿ ಪೂರ್ತಿಯಾಗಿ ಉಳಿದಿರುವುದು ಒಂದೇ ಒಂದು. ಯುದ್ಧ ಮುಗಿದ ಮೇಲೆ ಅಮೆರಿಕದವರು ಒಯ್ದಿದ್ದರು, 1979ರಲ್ಲಿ ವಾಪಸ್ ಬಂತು. ಈಗ ಜಪಾನಿನ ಕಾನೋಯಾದಲ್ಲಿ ಬಯಲಲ್ಲಿ ನಿಂತಿದೆ, ಮಳೆ ಬಿಸಿಲು ಎಲ್ಲ ಅದರ ಮೈಮೇಲೆ. ಫೋಟೋ ನೋಡಿ ಸಂಕಟವಾಯಿತು. ಜಗತ್ತಿನಲ್ಲಿ ಒಂದೇ ಇರುವುದಕ್ಕೆ ಒಂದು ಛಾವಣಿ ಸಿಗಲಿ ಅಂತ ಮನಸಾರೆ ಬಯಸುತ್ತೇನೆ.

ಒಳಗೆ ಜನರನ್ನು ಬಿಟ್ಟರೆ ಸವೆಯುತ್ತದೆ, ಬಿಡಬಾರದು ಅನ್ನುವವರೂ ಇದ್ದಾರೆ. ಅವರ ಮಾತಿನಲ್ಲೂ ಸತ್ಯ ಇದೆ. ಬಾಗಿಲ ಅಂಚಿನಲ್ಲಿ ಬಣ್ಣ ಹೋಗಿ ಲೋಹ ಹೊಳೆಯುವುದನ್ನು ನಾನೇ ನೋಡಿದೆ. ಆದರೂ ಬಿಡಬೇಕು ಅಂತಲೇ ನನ್ನ ವಾದ. ನೆಲಕ್ಕೆ ಹೊದಿಕೆ ಹಾಕಿ, ಒಂದು ಸಲಕ್ಕೆ ನಾಲ್ಕೈದು ಜನರನ್ನು ಮಾತ್ರ ಕಳಿಸಲಿ, ಹಳೇ ತಗ್ಗು ಗೀರುಗಳನ್ನು ಮುಚ್ಚದೇ ಹಾಗೇ ಇಡಲಿ. ನನ್ನ ಮುಂದೆ ಒಬ್ಬ ಪುಟ್ಟ ಹುಡುಗ ಇದ್ದ. ಒಳಗೆ ಹೋದವನೇ "ಇಲ್ಲಿ ಮಲಗ್ತಿದ್ರಾ?" ಅಂತ ಅವನ ಅಜ್ಜನನ್ನು ಕೇಳಿದ. ಅಜ್ಜ ಹೂಂ ಅಂದರು. ಹುಡುಗ ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ, ಕೈಯನ್ನು ಗೋಡೆಗೆ ಒತ್ತಿ ನಿಂತಿದ್ದ.

ಮುಂದಿನ ತಿಂಗಳು ಡಕ್ಸ್‌ಫರ್ಡ್‌ಗೆ ಹೋಗುತ್ತೇನೆ, ಆ ಬಾರ್ ಆಗಿದ್ದ ಸಂಡರ್‌ಲ್ಯಾಂಡ್ ನೋಡಲು. ಇದರ ಜೊತೆ ಐದು ಫೋಟೋ ಇಟ್ಟಿದ್ದೇನೆ. ಅಪ್ಪ, ಮೂರನೆಯದು ತಳದ ಮೆಟ್ಟಿಲಿನದು, ಸ್ವಲ್ಪ ಮಬ್ಬಾಗಿದೆ, ಕನ್ನಡಕ ಹಾಕಿಕೊಂಡು ನೋಡಿ.

ನಿಮ್ಮ ಪ್ರೀತಿಯ ಮಗಳು