ಚಂದ್ರನ ಚಿತ್ರದ ಕೆಳಗೆ ಇನ್ನೊಂದು ಸಾಲು ಬೇಕು

ಸಂಪಾದಕರಿಗೆ ನಮಸ್ಕಾರ.

ಹುಣ್ಣಿಮೆ, ಗ್ರಹಣ ಬಂದಾಗಲೆಲ್ಲ ನೀವು ಓದುಗರಿಂದ ಚಂದ್ರನ ಫೋಟೊ ಕೇಳಿ, ಚೆನ್ನಾಗಿರುವುದನ್ನು ಆರಿಸಿ ಹಾಕುತ್ತೀರಿ. ಒಳ್ಳೆಯ ಕೆಲಸ, ದಯವಿಟ್ಟು ನಿಲ್ಲಿಸಬೇಡಿ. ನನ್ನದು ಒಂದೇ ಕೋರಿಕೆ. ಫೋಟೊ ತೆಗೆದವರ ಹೆಸರು, ಊರು ಹಾಕುವ ಜಾಗದಲ್ಲೇ ಇನ್ನೊಂದು ಸಾಲು ಸೇರಿಸಿ: ಶಟರ್ (ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು) ಎಷ್ಟು ಹೊತ್ತು ತೆರೆದಿತ್ತು, ಅದು ಒಂದೇ ಕ್ಲಿಕ್ಕಿನ ಚಿತ್ರವೋ ಅಥವಾ ಎರಡು ಮೂರು ಚಿತ್ರ ಸೇರಿಸಿ ಮಾಡಿದ್ದೋ.

ನಾನು ಪಾಂಡವಪುರದಲ್ಲಿ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜ್ ಫೋಟೊ, ಇವೇ ಹೊಟ್ಟೆಪಾಡು. ಬಿಡುವಾದ ರಾತ್ರಿ ಕ್ಯಾಮೆರಾ ಸ್ಟ್ಯಾಂಡ್ ಹೆಗಲಿಗೆ ಹಾಕಿಕೊಂಡು ಮೇಲುಕೋಟೆ ಕಡೆ ಹೋಗುವುದು ರೋಲ್ ಕಾಲದಿಂದಲೂ ಇರುವ ಅಭ್ಯಾಸ. ಮೊನ್ನೆ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಫಾರಂಗೆ ಫೋಟೊ ತೆಗೆಸಲು ಬಂದಿದ್ದಳು. ಫೋಟೊ ಕತ್ತರಿಸುತ್ತಿರುವಾಗ ತನ್ನ ಮೊಬೈಲ್ ಮುಂದೆ ಹಿಡಿದು, "ಅಂಕಲ್, ಪೇಪರಲ್ಲಿ ಬರೋ ಥರ ನಂಗ್ಯಾಕೆ ಬರಲ್ಲ? ಈ ಫೋನೇ ಸರಿ ಇಲ್ವಾ?" ಎಂದು ಕೇಳಿದಳು. ಪರದೆಯ ಮೇಲೆ ಕಪ್ಪು ಆಕಾಶ, ನಡುವೆ ಒಂದು ಬಿಳಿ ಮುದ್ದೆ.

ಅವಳು ಹೇಳಿದ ಪೇಪರ್ ಚಿತ್ರ ನನಗೂ ಗೊತ್ತಿತ್ತು. ಲೈಟು ಬಿದ್ದ ಗೋಪುರ, ಹಿಂದೆ ಕಪ್ಪು ರಾತ್ರಿ, ಗೋಪುರಕ್ಕಿಂತ ದೊಡ್ಡ ಚಂದ್ರ. ಒಂದೊಂದು ಕುಳಿಯೂ ಎಣಿಸುವ ಹಾಗಿದೆ. ಕೆಳಗೆ ಬರೆದದ್ದು 'ಲಾಂಗ್ ಎಕ್ಸ್‌ಪೋಷರ್‌ನಲ್ಲಿ ಸೆರೆಸಿಕ್ಕ ಚಂದ್ರ' ಎಂದು, ಅಂದರೆ ಶಟರ್ ಬಹಳ ಹೊತ್ತು ತೆರೆದಿಟ್ಟು ತೆಗೆದದ್ದು. ಅದನ್ನು ನಂಬಿದ ಹುಡುಗಿ ನೈಟ್ ಮೋಡ್ ಹಾಕಿ, ಉಸಿರು ಬಿಗಿಹಿಡಿದು, ಕೈ ಅಲುಗಿಸದೆ ನಿಂತಿದ್ದಳು. ನೈಟ್ ಮೋಡ್ ಎಂದರೆ ಫೋನು ಮಾಡುವ ಲಾಂಗ್ ಎಕ್ಸ್‌ಪೋಷರ್. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದರಿಂದಲೇ ಅವಳ ಚಿತ್ರ ಹಾಳಾಯಿತು. ನನಗೆ ಬೇಜಾರಾದದ್ದು ಇದಕ್ಕೇ.

ರಾತ್ರಿಯಾಗಿರುವುದು ನಮಗೆ. ಹುಣ್ಣಿಮೆ ದಿನ ನಮಗೆ ಕಾಣುವ ಚಂದ್ರನ ನೆಲದ ಮೇಲೆ ಸುಡುಬಿಸಿಲು. ಆ ನೆಲ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 12 ಪಾಲು ಮಾತ್ರ ವಾಪಸ್ ಕಳಿಸುತ್ತದೆ, ಹಳೇ ಟಾರು ರಸ್ತೆಯ ಹಾಗೆ. ಆದರೂ ಬಿಸಿಲು ಬಿಸಿಲೇ ಅಲ್ವಾ? ಅದಕ್ಕೇ ಐಎಸ್‌ಒ (ಬೆಳಕು ಹಿಡಿಯುವ ಚುರುಕು) 100, ಎಫ್ (ಲೆನ್ಸಿನ ಕಿಂಡಿಯ ಅಳತೆ) 11 ಇಟ್ಟರೆ ಹುಣ್ಣಿಮೆ ಚಂದ್ರನಿಗೆ 1/100 ಸೆಕೆಂಡು ಸಾಕು ಎಂಬ ಹಳೇ ಲೆಕ್ಕ ಇವತ್ತಿಗೂ ಸರಿಯಾಗಿ ಕೂರುತ್ತದೆ. ಫೋನಿಗೆ ಇದು ಗೊತ್ತಿಲ್ಲ. ಅದಕ್ಕೆ ಕಾಣುವುದು ಬಹುಪಾಲು ಕಪ್ಪು ಆಕಾಶ. ಕತ್ತಲೆ ಜಾಸ್ತಿ ಎಂದುಕೊಂಡು ಬೆಳಕನ್ನು ತುಂಬಿಕೊಳ್ಳುತ್ತಲೇ ಹೋಗುತ್ತದೆ. ಚಂದ್ರ ಸುಟ್ಟು ಬಿಳಿಯಾಗುತ್ತಾನೆ.

ಅವತ್ತು ಸಂಜೆ ಹುಡುಗಿಯನ್ನು ಮತ್ತೆ ಬರಹೇಳಿದೆ, ಅವಳ ತಾಯಿಯೂ ಬಂದರು. ಸ್ಟುಡಿಯೊ ಮೆಟ್ಟಿಲ ಮೇಲೆ ನಿಂತು, ನೈಟ್ ಮೋಡ್ ತೆಗೆಸಿ, ಪರದೆಯಲ್ಲಿ ಚಂದ್ರನ ಮೇಲೆ ಬೆರಳು ಒತ್ತಿ ಹಿಡಿಯಲು ಹೇಳಿದೆ. ಪಕ್ಕದಲ್ಲಿ ಮೂಡಿದ ಸೂರ್ಯನ ಗುರುತನ್ನು ಮೆಲ್ಲಗೆ ಕೆಳಗೆ ಎಳೆಸಿದೆ. ಬಿಳಿ ಮುದ್ದೆ ಮೊದಲು ಕೆನೆ ಬಣ್ಣಕ್ಕೆ ತಿರುಗಿತು. ಆಮೇಲೆ ಅಂಚು ಬಿಗಿಯಾಯಿತು. ಆಮೇಲೆ ಬೂದು ಕಲೆಗಳು ಎದ್ದವು. "ಅಮ್ಮಾ, ಮೊಲ!" ಎಂದಳು. ಅವಳ ಫೋನಿನಲ್ಲಿ ಚಂದ್ರ ಚಿಕ್ಕದಾಗಿಯೇ ಇದ್ದ, ಆದರೆ ಅವನು ಅವಳು ತೆಗೆದ ಚಂದ್ರ. ಫೋನಿನಲ್ಲಿ ಪ್ರೊ ಮೋಡ್ (ಎಲ್ಲ ಅಳತೆ ನಾವೇ ಇಡುವ ಸೌಲಭ್ಯ) ಇರುವವರು ಐಎಸ್‌ಒ 100ಕ್ಕೆ ಇಳಿಸಿ, ಶಟರ್ 1/500ರಿಂದ ಶುರು ಮಾಡಿ ಹೆಚ್ಚು ಕಡಿಮೆ ಮಾಡಿ ನೋಡಲಿ.

ಶಟರ್ ಜಾಸ್ತಿ ಹೊತ್ತು ತೆರೆದಿಟ್ಟರೆ ಇನ್ನೊಂದು ತೊಂದರೆಯೂ ಇದೆ. ಭೂಮಿ ತಿರುಗುತ್ತಿರುವುದರಿಂದ ಸುಮಾರು ಎರಡು ನಿಮಿಷಕ್ಕೆ ಚಂದ್ರ ತನ್ನಷ್ಟೇ ಅಗಲ ಸರಿದುಬಿಡುತ್ತಾನೆ. ಉದ್ದನೆಯ ಲೆನ್ಸಿನಲ್ಲಿ ಒಂದೆರಡು ಸೆಕೆಂಡಿಗೇ ಕುಳಿಗಳ ಅಂಚು ಅಳಿಸಿಹೋಗುತ್ತದೆ. 1840ರಲ್ಲಿ ನ್ಯೂಯಾರ್ಕಿನ ಜಾನ್ ವಿಲಿಯಂ ಡ್ರೇಪರ್ ಚಂದ್ರನ ಫೋಟೊ ತೆಗೆದಾಗ 20 ನಿಮಿಷ ಬೆಳಕು ಹಿಡಿಯಬೇಕಾಗಿತ್ತು. ಬೆಳ್ಳಿ ಲೇಪಿಸಿದ ಆ ಕಾಲದ ತಗಡು ಅಷ್ಟು ಮಂದ. ಸುಮ್ನೆ ತೆರೆದಿಟ್ಟಿದ್ದರೆ ಹತ್ತು ಚಂದ್ರರಷ್ಟು ಉದ್ದದ ಗೀರು ಬೀಳುತ್ತಿತ್ತು. ಚಂದ್ರನ ಜೊತೆಜೊತೆಗೇ ತಿರುಗುವ ಕನ್ನಡಿ ಇಟ್ಟುಕೊಂಡು ಅವರು ಕೆಲಸ ಸಾಧಿಸಿದರು.

ಈಗ ಆ ಗೋಪುರದ ಚಿತ್ರಕ್ಕೆ ಬರುತ್ತೇನೆ. ಗೋಪುರವೂ ಕಾಣಬೇಕು, ಕುಳಿಗಳೂ ಕಾಣಬೇಕು, ಆಕಾಶವೂ ಕಪ್ಪಾಗಿರಬೇಕು ಎಂದರೆ ಒಂದೇ ಕ್ಲಿಕ್ಕಿನಲ್ಲಿ ಬಹಳ ಕಷ್ಟ. ಬೆಳದಿಂಗಳು ಬಿದ್ದ ನೆಲಕ್ಕೂ ಚಂದ್ರನಿಗೂ ಬೆಳಕಿನ ವ್ಯತ್ಯಾಸ ಲಕ್ಷ ಪಟ್ಟಿಗೂ ಮೀರಿದ್ದು. ಗೋಪುರಕ್ಕೆ ಕರೆಂಟ್ ದೀಪ ಹಾಕಿದರೂ ಅಂತರ ಪೂರ್ತಿ ತುಂಬುವುದಿಲ್ಲ. ಒಂದೇ ಕ್ಲಿಕ್ಕಿನಲ್ಲಿ ಇಬ್ಬರೂ ಸಿಗುವ ಹೊತ್ತು ಬೇರೆಯೇ ಇದೆ, ಅದನ್ನು ಪಂಚಾಂಗ ಹೇಳುತ್ತದೆ. ಹುಣ್ಣಿಮೆಯ ಸಂಜೆ ಸೂರ್ಯ ಮುಳುಗುವ ಹೊತ್ತಿಗೇ ಚಂದ್ರ ಹುಟ್ಟುತ್ತಾನೆ. ಹಿಂದಿನ ದಿನ, ಚತುರ್ದಶಿಯಂದು, ಸುಮಾರು ಮುಕ್ಕಾಲು ಗಂಟೆ ಮೊದಲೇ ಬಂದಿರುತ್ತಾನೆ. ಸೂರ್ಯ ಮುಳುಗಿ ಕಾಲು ಗಂಟೆ ಆಕಾಶದಲ್ಲಿ ಇನ್ನೂ ನೀಲಿ ಇರುತ್ತದೆ, ಕಲ್ಲಿನ ಮೇಲೆ ಬೆಳಕು ಇರುತ್ತದೆ, ಚಂದ್ರನೂ ಮಂಕಾಗಿರುತ್ತಾನೆ. ಆಗ ಮೂರೂ ಒಂದು ಅಳತೆಗೆ ಬರುತ್ತವೆ.

ಗೋಪುರದ ಪಕ್ಕ ಚಂದ್ರ ದೊಡ್ಡದಾಗಿ ಕಾಣಬೇಕಾದರೆ ಗೋಪುರದಿಂದ ದೂರ ಹೋಗಬೇಕು. ಒಂದೂವರೆ ಕಿಲೋಮೀಟರ್ ದೂರದಲ್ಲಿರುವ ವಸ್ತುವಿನ ಪಕ್ಕ ಚಂದ್ರ ಸುಮಾರು 13 ಮೀಟರ್ ಅಗಲ ಕಾಣುತ್ತಾನೆ. ಎರಡು ಪಟ್ಟು ದೂರ ಹೋದರೆ 26 ಮೀಟರ್. ಮೇಲುಕೋಟೆಯ ಯೋಗಾನರಸಿಂಹಸ್ವಾಮಿ ಬೆಟ್ಟದ ಪಶ್ಚಿಮಕ್ಕೆ ಹೊಲದ ಬದುವಿನ ಮೇಲೆ ನಿಂತು ಕಾಯುವಾಗ ನಾನು ಮಾಡುವ ಲೆಕ್ಕ ಇದು. ಬೆಟ್ಟ ಅಡ್ಡ ಇರುವುದರಿಂದ ಪಂಚಾಂಗದ ಚಂದ್ರೋದಯಕ್ಕಿಂತ ತಡವಾಗಿ ಅವನು ಗೋಪುರದ ಪಕ್ಕ ಇಣುಕುತ್ತಾನೆ. ಒಂದು ನಿಮಿಷ ಬಿಟ್ಟರೆ ಜಾಗ ಬಿಟ್ಟು ಸರಿದಿರುತ್ತಾನೆ. ಬದುವಿನ ಮೇಲೆ ಸ್ಟ್ಯಾಂಡ್ ಹಿಡಿದು ಓಡಬೇಕಾಗುತ್ತದೆ. ಈ ಶ್ರಮ ಪಟ್ಟು ತೆಗೆದ ಚಿತ್ರವೂ, ಕಂಪ್ಯೂಟರಿನಲ್ಲಿ ಅಂಟಿಸಿದ ಚಿತ್ರವೂ ನಿಮ್ಮ ಪುಟದಲ್ಲಿ ಒಂದೇ ಸಮ ನಿಲ್ಲುತ್ತವೆ.

ಅಂಟಿಸಿದ್ದನ್ನು ಕಂಡುಹಿಡಿಯಲು ನಿಮ್ಮ ಡೆಸ್ಕಿನವರಿಗೆ ಒಂದು ಗುರುತು ಹೇಳುತ್ತೇನೆ. ಚಂದ್ರನ ದಕ್ಷಿಣಕ್ಕೆ ಟೈಕೋ ಎಂಬ ಕುಳಿ ಇದೆ. ಅದರಿಂದ ಬಿಳಿ ಗೆರೆಗಳು ಸುತ್ತಲೂ ಹರಡಿವೆ, ಹುಣ್ಣಿಮೆ ದಿನ ಎದ್ದು ಕಾಣುತ್ತದೆ. ನಮ್ಮ ಊರುಗಳಲ್ಲಿ ಚಂದ್ರ ಹುಟ್ಟುವಾಗ ಟೈಕೋ ಬಲಕ್ಕೆ ಇರುತ್ತದೆ, ಮುಳುಗುವಾಗ ಎಡಕ್ಕೆ. ಯುರೋಪು, ಅಮೆರಿಕದಲ್ಲಿ ಚಂದ್ರ ಮೇಲೇರಿದಾಗ ತೆಗೆದ ಚಿತ್ರಗಳಲ್ಲಿ ಅದು ಕೆಳಗೆ ಇರುತ್ತದೆ. ಗೋಪುರದ ಹಿಂದೆ ಈಗಷ್ಟೇ ಹುಟ್ಟಿದ ಚಂದ್ರನಲ್ಲಿ ಟೈಕೋ ನೆಟ್ಟಗೆ ಕೆಳಗಿದ್ದರೆ ಆ ಚಂದ್ರ ಬೇರೆ ಕಡೆಯಿಂದ ಬಂದವನು. ನೆಲದ ಅಂಚಿಗೆ ಹತ್ತಿರವಿರುವ ಚಂದ್ರ ಹಳದಿ, ಕೆಂಪು ಇಲ್ಲದೆ ಅಚ್ಚ ಬಿಳಿ ಇದ್ದರೂ ಅನುಮಾನ ಪಡಿ. ಕೆಲವು ಫೋನುಗಳು ಮಸುಕು ಚಂದ್ರನನ್ನು ಗುರುತಿಸಿ ತಾವೇ ಕುಳಿಗಳನ್ನು ತಿದ್ದಿ ತುಂಬುತ್ತವೆ ಎಂಬುದು 2023ರಲ್ಲಿ ಜಗತ್ತಿಗೆಲ್ಲ ಗೊತ್ತಾದ ವಿಷಯ. ಅಲ್ಲಿ ತೆಗೆದವರನ್ನು ದೂರುವ ಹಾಗೂ ಇಲ್ಲ.

ಲಾಂಗ್ ಎಕ್ಸ್‌ಪೋಷರ್ ಮೇಲೆ ನನಗೆ ಬಹಳ ಪ್ರೀತಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಬಿದಿಗೆ, ತದಿಗೆಯ ಸಂಜೆ ಒಂದೆರಡು ಸೆಕೆಂಡು ಶಟರ್ ತೆರೆದರೆ ಗೆರೆಯಂಥ ಚಂದ್ರನ ಜೊತೆ ಅವನ ಕತ್ತಲ ಭಾಗವೂ ಬೂದು ನೀಲಿಯಾಗಿ ಮೂಡುತ್ತದೆ. ಭೂಮಿಯಿಂದ ಚಿಮ್ಮಿ ಅಲ್ಲಿಗೆ ಹೋದ ಬೆಳಕು ಅದು. ಹುಣ್ಣಿಮೆ ರಾತ್ರಿ ಚಂದ್ರನಿಗೆ ಬೆನ್ನು ಹಾಕಿ, ಮೇಲುಕೋಟೆಯ ರಾಯಗೋಪುರದ ಎತ್ತರದ ಕಂಬಗಳ ಕಡೆ ಕ್ಯಾಮೆರಾ ತಿರುಗಿಸಿ, ಐಎಸ್‌ಒ 800, ಎಫ್ 2.8ರಲ್ಲಿ 15 ಸೆಕೆಂಡು ಬಿಡಿ. ಆಕಾಶ ಹಗಲಿನಂತೆ ನೀಲಿ ಬರುತ್ತದೆ, ಆ ನೀಲಿಯೊಳಗೆ ನಕ್ಷತ್ರಗಳಿರುತ್ತವೆ. ಕಂಬದ ನೆರಳು ಕಲ್ಲಿನ ಮೇಲೆ ಕತ್ತರಿಸಿಟ್ಟ ಹಾಗೆ ಬೀಳುತ್ತದೆ. ಕಣ್ಣಿಗೆ ಬಣ್ಣವೇ ಕಾಣದ ಹೊತ್ತಿನಲ್ಲಿ ಕ್ಯಾಮೆರಾ ಕಲ್ಲಿನ ಕಂದು, ಹುಲ್ಲಿನ ಹಸಿರು ಎಲ್ಲ ಹಿಡಿದಿರುತ್ತದೆ.

ಇನ್ನು ಗ್ರಹಣ. 1992ರ ಡಿಸೆಂಬರ್ 10ರ ಬೆಳಗಿನ ಜಾವ ಖಗ್ರಾಸ ಚಂದ್ರಗ್ರಹಣ ಇತ್ತು. ನಾನು ಆಗ ಕೆಲಸ ಕಲಿಯುತ್ತಿದ್ದ ಹುಡುಗ. ಸ್ಟುಡಿಯೊ ಯಜಮಾನರು ತಾರಸಿ ಮೇಲೆ ಕ್ಯಾಮೆರಾ ನಿಲ್ಲಿಸಿ, ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುವ 'ಬಲ್ಬ್'ಗೆ ಇಟ್ಟು, ಕೇಬಲ್ ರಿಲೀಸ್ (ಕ್ಯಾಮೆರಾ ಅಲುಗದಂತೆ ಒತ್ತುವ ತಂತಿ ಗುಂಡಿ) ಒತ್ತಿ ಹಿಡಿದು ಬಾಯಲ್ಲಿ ಎಣಿಸಿದರು. ಸಾಮಾನ್ಯವಾಗಿ ತಾಮ್ರದ ಬಣ್ಣಕ್ಕೆ ತಿರುಗುವ ಚಂದ್ರ ಅವತ್ತು ಎಲ್ಲಿದ್ದಾನೆ ಎಂದು ಹುಡುಕುವಷ್ಟು ಕಪ್ಪಾದ. ಹಿಂದಿನ ವರ್ಷ ಫಿಲಿಪ್ಪೀನ್ಸಿನಲ್ಲಿ ಪಿನಾಟುಬೊ ಜ್ವಾಲಾಮುಖಿ ಸಿಡಿದಿತ್ತು. ಅದರ ಸಣ್ಣ ಕಣಗಳು ಇನ್ನೂ ಭೂಮಿಯ ಸುತ್ತ ಎತ್ತರದ ಗಾಳಿಯಲ್ಲಿದ್ದವು. ಗ್ರಹಣದ ಹೊತ್ತಿನಲ್ಲಿ ಚಂದ್ರನಿಗೆ ಬೆಳಕು ಹೋಗುವುದು ನಮ್ಮ ಗಾಳಿಯನ್ನು ದಾಟಿಕೊಂಡೇ. ಕಣಗಳು ಅದನ್ನು ತಡೆದಿದ್ದವು.

ನೆಗೆಟಿವ್ ಮೇಲೆ ತೆಳು ಮಬ್ಬು ಮಾತ್ರ ಉಳಿಯಿತು. ಯಜಮಾನರು ಅದನ್ನು ಎಸೆಯಲಿಲ್ಲ. ಕವರಿನ ಮೇಲೆ ತಾರೀಕು, ಗಂಟೆ, 100 ಸ್ಪೀಡ್ (ರೋಲಿನ ಐಎಸ್‌ಒ), ಎಫ್ 4, 8 ಸೆಕೆಂಡು ಎಂದು ಬರೆದಿಟ್ಟರು. ಆ ಕವರ್ ಈಗ ನನ್ನ ಹತ್ತಿರ ಇದೆ. 2025ರ ಸೆಪ್ಟೆಂಬರ್ 7ರ ರಾತ್ರಿ 11ರಿಂದ 12:22ರವರೆಗೆ ಚಂದ್ರ ಪೂರ್ತಿ ನೆರಳಿನಲ್ಲಿದ್ದಾಗ, ಮೋಡ ಸರಿದ ಗಳಿಗೆಯಲ್ಲಿ ಅದೇ 100, ಅದೇ ಎಫ್ 4, ಅದೇ 8 ಸೆಕೆಂಡು ಇಟ್ಟೆ. ಅಂಚು ಕೊಂಚ ಅಲುಗಿದ್ದರೂ ಕೆಂಪು ಚಂದ್ರ ದುಂಡಗೆ ಬಂದ. ಉದ್ದದ ಎಕ್ಸ್‌ಪೋಷರ್‌ನಲ್ಲಿ ರೋಲ್ ಸ್ವಲ್ಪ ಮಂದವಾಗುತ್ತದೆ, ಅದನ್ನು ಕಳೆದರೂ ಎರಡರ ನಡುವೆ ಅಗಾಧ ವ್ಯತ್ಯಾಸ. 1992ರ ಗಾಳಿ ಹೇಗಿತ್ತು ಎಂಬುದಕ್ಕೆ ಪಾಂಡವಪುರದ ತಾರಸಿಯ ಮೇಲಿನ ಒಂದು ನೆಗೆಟಿವ್ ಸಾಕ್ಷಿಯಾಗಿದೆ. ಸಾಕ್ಷಿ ಆದದ್ದು ಕವರಿನ ಮೇಲೆ ಬರೆದ ಆ ಒಂದು ಸಾಲಿನಿಂದ. ಅದಿಲ್ಲದಿದ್ದರೆ ಅದು ಕೆಟ್ಟುಹೋದ ಫೋಟೊ ಅಷ್ಟೇ.

ಸೇರಿಸಿ ಮಾಡಿದ ಚಿತ್ರ ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಗ್ರಹಣದ ಹಂತಗಳನ್ನು ಒಂದೇ ಚಿತ್ರದಲ್ಲಿ ಸಾಲಾಗಿ ಜೋಡಿಸುವುದೂ ಕಷ್ಟದ, ಚೆಂದದ ಕೆಲಸ. 'ಜೋಡಿಸಿದ ಚಿತ್ರ' ಎಂದು ಬರೆದರೆ ಅದರ ಮರ್ಯಾದೆ ಕಡಿಮೆಯಾಗುವುದಿಲ್ಲ. ಬರೆಯದಿದ್ದರೆ ಮನೆಯಲ್ಲಿರುವ ಫೋನು ಹಿಡಿದು ತಾರಸಿಗೆ ಹೋಗುವ ಮಕ್ಕಳು ತಮ್ಮ ಫೋನನ್ನೋ ತಮ್ಮನ್ನೋ ಬೈದುಕೊಂಡು ಕೆಳಗಿಳಿಯುತ್ತಾರೆ.

ನಮ್ಮ ಕಡೆ ಪೂರ್ತಿಯಾಗಿ ಕಾಣುವ ಮುಂದಿನ ಖಗ್ರಾಸ ಚಂದ್ರಗ್ರಹಣ 2028ರ ಡಿಸೆಂಬರ್ 31ರ ರಾತ್ರಿ. ಸುಮಾರು 9:45ರಿಂದ 11ರವರೆಗೆ ಚಂದ್ರ ಕೆಂಪಾಗಿರುತ್ತಾನೆ. ಹೊಸ ವರ್ಷ ಕಾಯುತ್ತ ಜನ ಹೇಗೂ ಹೊರಗೇ ಇರುತ್ತಾರೆ, ನಿಮಗೆ ಬರುವ ಫೋಟೊಗಳೂ ಜಾಸ್ತಿ ಇರುತ್ತವೆ. ಈಗಿನಿಂದಲೇ ಪ್ರತಿ ಹುಣ್ಣಿಮೆಯ ಫೋಟೊಗೂ ಈ ಸಾಲು ಕೇಳುವುದನ್ನು ರೂಢಿ ಮಾಡಿದರೆ ಆ ಹೊತ್ತಿಗೆ ಓದುಗರು ತಾವಾಗಿಯೇ ಬರೆದು ಕಳಿಸುತ್ತಾರೆ. ಆ ದಿನದ ಪ್ರಕಟಣೆಯಲ್ಲಿ ಹೆಸರು, ಊರು, ಮೊಬೈಲ್ ನಂಬರ್ ಜೊತೆಗೆ 'ಶಟರ್ ಸಮಯ' ಎಂದೂ ಒಂದು ಕಾಲಂ ಇಡಿ.

ಇಂತಿ,
ನಿಮ್ಮ ಓದುಗ, ಸ್ಟುಡಿಯೊ ಛಾಯಾಗ್ರಾಹಕ
ಪಾಂಡವಪುರ, ಮಂಡ್ಯ ಜಿಲ್ಲೆ