ಊದಿಸಿದ ಮೇಲೆ ಕೇಸು ಎಲ್ಲಿಗೆ ಹೋಯಿತು?

ಕುಡಿದು ಗಾಡಿ ಓಡಿಸಿದ ಅನುಮಾನದ ಮೇಲೆ ಸಿಕ್ಕವರ ವಿರುದ್ಧ ದೋಷಾರೋಪ ಪಟ್ಟಿ ಸಲ್ಲಿಸಲು ತಿಂಗಳುಗಟ್ಟಲೆ ತಡವಾಗುತ್ತಿರುವುದು ಸರಿಯಲ್ಲ. ಮಂಡ್ಯದ ನಮ್ಮ ಬೀದಿಯವರೊಬ್ಬರು ತಪಾಸಣೆಯಲ್ಲಿ ಸಿಕ್ಕಿ ಏಳು ತಿಂಗಳಾಯಿತು. ಕೇಳಿದರೆ ‘ರಕ್ತದ ವರದಿ ಬಂದಿಲ್ಲ’ ಎಂಬ ಉತ್ತರ. ಅವರೋ ಅದೇ ಬೈಕಿನ ಕನ್ನಡಿಗೆ ಹೆಲ್ಮೆಟ್ ನೇತುಹಾಕಿಕೊಂಡು ಆರಾಮಾಗಿ ಓಡಾಡುತ್ತಿದ್ದಾರೆ! ತಪ್ಪು ಮಾಡಿಲ್ಲವೆಂದಾದರೆ ಅವರನ್ನೂ ಸುಮ್ನೆ ಕಾಯಿಸಬಾರದು ಅಲ್ವಾ?

100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಮೊದಲ ಸಲಕ್ಕೇ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ ಅಥವಾ ಎರಡೂ ಬೀಳಬಹುದು. ಆದರೆ ಒಂದು ವರ್ಷದೊಳಗೆ ಕೇಸು ಕೋರ್ಟಿಗೆ ಹೋಗದಿದ್ದರೆ ಕಾಲಮಿತಿಯ ತೊಡಕು ಎದುರಾಗುತ್ತದೆ; ಅವಧಿ ಮೀರಿತೆಂದು ಕೋರ್ಟು ಕೇಸನ್ನು ಕೈಗೆತ್ತಿಕೊಳ್ಳದೆ ಇರಬಹುದು. ಆಮೇಲೆ ಊದಿಸಿ ಏನು ಬಂತು?

ರಕ್ತದ ವರದಿಗೆ 30 ದಿನಗಳ ಗಡುವು ಹಾಕಲಿ. ತಡವಾದ ಪ್ರಕರಣಗಳನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು ಪ್ರತಿ ತಿಂಗಳು ಪರಿಶೀಲಿಸಲಿ.

– ಓದುಗ, ಮಂಡ್ಯ